ಅರ್ಧರ್ಧ ದಾರಿ

ನಮ್ಮ ಮನೆಯ ಎಡಗೋಡೆಯಿಂದ ಒಂದು ಯುದ್ಧ ಕೇಳಿಸುತ್ತಿತ್ತು, ಬಲಗೋಡೆಯಿಂದ ಇನ್ನೊಂದು. ಲಂಡನ್ನಿನ ಹೇಸ್‌ನ ಈ ಸಾಲುಮನೆಗಳ ಗೋಡೆ ಹೆಸರಿಗಷ್ಟೇ ಗೋಡೆ. ಪಕ್ಕದವರು ಸೀನಿದರೆ ನಾವು ಇಲ್ಲಿಂದಲೇ ‘ನೂರು ವರ್ಷ ಬಾಳಪ್ಪ’ ಅನ್ನಬಹುದು. ಸಂಜೆ ನಾನು ರೊಟ್ಟಿ ಬಡಿಯಲು ನಿಂತ ಹೊತ್ತಿಗೆ ಸರಿಯಾಗಿ ಎರಡೂ ಕಡೆ ಅರಬ್ಬಿ ವಾರ್ತೆ ಶುರುವಾಗುತ್ತಿತ್ತು. ಎಡಗಡೆ ಹೆಂಗಸಿನ ದನಿ, ಬಲಗಡೆ ಗಂಡಸಿನ ದನಿ. ಭಾಷೆ ತಿಳಿಯದಿದ್ದರೂ ಎರಡರಲ್ಲೂ ಒಂದೇ ಊರಿನ ಹೆಸರು ಬರುವುದು ನನ್ನ ಕಿವಿಗೆ ಬಿತ್ತು. ಮಾರಿಬ್, ಮಾರಿಬ್. ವಿಚಿತ್ರ ಎಂದರೆ ಎಡಗಡೆಯವನು ಖುಷಿಯಿಂದ ಕೂಗಿದ ದಿನ ಬಲಗಡೆಯವನು ಟೀವಿ ಬಂದ್ ಮಾಡುತ್ತಿದ್ದ. ಬಲಗಡೆ ಚಪ್ಪಾಳೆ ಬಿದ್ದ ದಿನ ಎಡಗಡೆ ಮನೆ ತಣ್ಣಗಿರುತ್ತಿತ್ತು.

ಇಷ್ಟು ಗೊತ್ತಾದ ಮೇಲೆ ಸುಮ್ಮನಿರುವುದು ನನ್ನಿಂದಾಗದ ಕೆಲಸ. ನಾನು ಶಿವಕ್ಕ, ವಿಜಯಪುರದ ಕಡೆಯವಳು. ಏರ್‌ಪೋರ್ಟಿನ ಹತ್ತಿರದ ಗೋದಾಮಿನಲ್ಲಿ ವಿಮಾನದ ಊಟದ ಟ್ರೇ ಜೋಡಿಸುತ್ತೇನೆ. ಕೆಲವರಿಗೆ ಎಲೆ ಅಡಿಕೆಯ ಚಟ, ನನಗೆ ಕೇಳುವ ಚಟ. ಬಸ್ಸಿನಲ್ಲಿ ಪಕ್ಕ ಕೂತವರ ಬೀಗರ ಹೆಸರನ್ನೂ ತಿಳಿದುಕೊಂಡೇ ಇಳಿಯುತ್ತೇನೆ. ನನ್ನ ಗಂಡ ಶೇಖರಪ್ಪ ಇದಕ್ಕೆ ಬೇಸತ್ತು ಎಷ್ಟೋ ವರ್ಷವಾಯಿತು.

“ಊರ ಉಸಾಬರಿ ಮಾಡಾಕ ಲಂಡನ್‌ಗೆ ಬಂದೀಯೇನ?” ಎಂದು ಅವನು ಕೇಳುತ್ತಾನೆ. ನೋಡಿ, ಅವನೂ ಕೇಳುವವನೇ.

ಮೊದಲು ಮಗಳು ಸ್ಮೃತಿಯನ್ನು ಹಿಡಿದೆ. ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. “ಅಮ್ಮ, ಇಟ್ಸ್ ಯೆಮೆನ್. ಇಟ್ಸ್ ಕಾಂಪ್ಲಿಕೇಟೆಡ್,” ಎಂದಳು. ನಮ್ಮ ಮನೆತನದ ಆಸ್ತಿ ಪಾಲಿನ ಕಥೆ ಕೇಳಿದವಳಿಗೆ ಯಾವುದೂ ಕಾಂಪ್ಲಿಕೇಟೆಡ್ ಅಲ್ಲ ಎಂದು ನಾನು ಅವಳನ್ನು ಕೂರಿಸಿಕೊಂಡೆ. ಫೋನು ನೋಡಿ ನೋಡಿ ಅವಳು ಹೇಳಿದ್ದು ಇಷ್ಟು. ಉತ್ತರದ ಗುಡ್ಡದಿಂದ ಇಳಿದ ಹೂಥಿ ಬಂಡುಕೋರರು ರಾಜಧಾನಿ ಹಿಡಿದರು. ಓಡಿಹೋದ ಸರ್ಕಾರದ ಪರವಾಗಿ ಸೌದಿ ಮತ್ತು ಎಮಿರೇಟ್ಸ್ ವಿಮಾನ ಕಳಿಸಿದವು. ಹೂಥಿಗಳ ಬೆನ್ನಿಗೆ ಇರಾನ್ ನಿಂತಿತು. ಈ ಗದ್ದಲದ ಸಂದಿಯಲ್ಲಿ ಅಲ್ ಕೈದಾದವರು ಬಂದು ತಮ್ಮ ಕಪ್ಪು ಬಾವುಟ ನೆಟ್ಟರು. ಅವರನ್ನು ಹೊಡೆಯಲು ಅಮೆರಿಕದ ಡ್ರೋನ್ ಬಂತು. ಎಡಗೋಡೆಯ ಚಾನೆಲ್ಲು ಹೂಥಿಗಳ ಕಡೆಯದು, ಬಲಗೋಡೆಯದು ಸರ್ಕಾರದ ಕಡೆಯದು.

“ಮತ್ತ ಈ ದೇಶದವ್ರು ಏನ್ ಮಾಡ್ತಾರ ಅಲ್ಲಿ?” ಎಂದೆ.

“ವಿ ಸೆಲ್ ದ ಪ್ಲೇನ್ಸ್, ಅಮ್ಮ.”

ನನ್ನ ಕೈಯಲ್ಲಿದ್ದ ರೊಟ್ಟಿ ಅಂಚು ಒಡೆಯಿತು. ಬೆಳಗಿನಿಂದ ಸಂಜೆವರೆಗೆ ವಿಮಾನಕ್ಕೆ ಊಟ ತುಂಬುವವಳು ನಾನು, ವಿಮಾನದಲ್ಲಿ ಬೇರೇನನ್ನೋ ತುಂಬುತ್ತಾರೆ ಎಂದು ಯಾವತ್ತೂ ಯೋಚಿಸಿರಲಿಲ್ಲ.

ಎಡಗಡೆಯವನ ಹೆಸರು ಮುಕ್ಬಿಲ್. ಬಲಗಡೆಯವನು ನಾಜಿ. ಇಬ್ಬರೂ ಬಿಳಿಗಡ್ಡದವರು, ಇಬ್ಬರೂ ಟ್ಯಾಕ್ಸಿ ಓಡಿಸುವವರು. ಕೌನ್ಸಿಲ್ಲಿನವರು ಕಸ ಒಯ್ಯುವ ಬೆಳಗ್ಗೆ ಮುಕ್ಬಿಲ್ ಡಬ್ಬಿ ಹೊರಗಿಡಲು ಬಂದರೆ ನಾಜಿ ತನ್ನ ಡಬ್ಬಿ ಹಿಡಿದು ಬಾಗಿಲ ಹಿಂದೆ ಕಾಯುತ್ತಿದ್ದ. ಅವನು ಒಳಹೋದ ಮೇಲೆ ಇವನು ಹೊರಬರುತ್ತಿದ್ದ. ಇದನ್ನು ನೋಡಿದ ವಿಜಯಪುರದ ಹೆಂಗಸಿಗೆ ಬೇರೆ ಸಾಕ್ಷಿ ಬೇಕಿಲ್ಲ. ಇಷ್ಟು ಶಿಸ್ತಿನಿಂದ ಮುಖ ತಪ್ಪಿಸುವುದು ಪರಕೀಯರಿಗೆ ಆಗದು, ಒಡಹುಟ್ಟಿದವರಿಗೇ ಆಗುವುದು.

“ನೀವಿಬ್ರು ಅಣ್ಣತಮ್ಮರಲ್ಲ?” ಎಂದು ಒಂದು ದಿನ ಮುಕ್ಬಿಲ್‌ನನ್ನು ನೇರವಾಗಿ ಕೇಳಿಬಿಟ್ಟೆ. ನಾವು ಮಾತಾಡುತ್ತಿದ್ದುದು ಇಂಗ್ಲಿಷು, ಅದೂ ಅವನದು ಯೆಮೆನಿನದು, ನನ್ನದು ಗೋದಾಮಿನದು. ಆದರೆ ನನ್ನ ಕಿವಿಗೆ ಬಿದ್ದದ್ದೆಲ್ಲ ನಮ್ಮೂರ ಮಾತಾಗಿಯೇ ಒಳಗೆ ಇಳಿಯುತ್ತದೆ, ಹಾಗೆಯೇ ಬರೆಯುತ್ತೇನೆ.

ಅವನು ಡಬ್ಬಿಯ ಮುಚ್ಚಳ ಹಾಕಿ ನನ್ನನ್ನೇ ನೋಡಿದ. “ಇದ್ವಿ,” ಎಂದ.

ಒಂದು ಸಲ ಬಾಯಿ ಬಿಟ್ಟವನು ಮತ್ತೆ ಮುಚ್ಚಲಿಲ್ಲ. ನಾವು ಈ ಮನೆಗೆ ಬರುವ ಮೊದಲೇ ಅಣ್ಣತಮ್ಮಂದಿರು ಒಂದು ಮನೆ ಬಿಟ್ಟು ಒಂದು ಮನೆ ಬಾಡಿಗೆ ಹಿಡಿದವರು, ಹತ್ತಿರವಿರಲಿ ಎಂದೇ. ಯುದ್ಧ ಶುರುವಾದ ವರ್ಷ ಸೌದಿ ವಿಮಾನದ ಬಾಂಬಿಗೆ ಮುಕ್ಬಿಲ್‌ನ ಹೆಂಡತಿಯ ಅಣ್ಣ ಮಲಗಿದ್ದಲ್ಲೇ ಸತ್ತ. ಇಲ್ಲಿ ಹೇಸ್‌ನಲ್ಲಿ ದುಃಖ ಕೇಳಲು ಬರುವವರಿಗಾಗಿ ಮೂರು ದಿನ ಬಾಗಿಲು ತೆರೆದಿಟ್ಟು ಕೂತರು. ಊರಿನವರೆಲ್ಲ ಬಂದು ಹೋದರು. ತಮ್ಮ ಬರಲಿಲ್ಲ.

ಬಲಗಡೆಯ ಕಥೆಯನ್ನು ನಾಜಿ ಬಡಾವಣೆಯ ಡಾಕ್ಟರ ಕ್ಲಿನಿಕ್ಕಿನಲ್ಲಿ ಸರದಿ ಕಾಯುತ್ತ ಹೇಳಿದ. ಅದೇ ತಿಂಗಳು ಹೂಥಿಗಳು ಹೂತಿಟ್ಟ ನೆಲಬಾಂಬಿಗೆ ಅವನ ಹೆಂಡತಿಯ ಅಪ್ಪ ಸತ್ತಿದ್ದ. ಇವನೂ ಬಾಗಿಲು ತೆರೆದಿಟ್ಟು ಕೂತ. ಅಣ್ಣ ಬರಲಿಲ್ಲ.

ನಮ್ಮ ಕಡೆ ಮದುವೆಗೆ ಬರದವರನ್ನು ಒಂದು ವರ್ಷದಲ್ಲಿ ಮರೆಯುತ್ತಾರೆ, ಸಾವಿಗೆ ಬರದವರನ್ನು ಸಾಯುವತನಕ ಮರೆಯುವುದಿಲ್ಲ. ಹುಟ್ಟುತ್ತ ಅಣ್ಣತಮ್ಮಂದಿರು, ಬೆಳೆಯುತ್ತ ದಾಯಾದಿಗಳು ಎಂಬ ಗಾದೆ ಅರಬ್ಬಿಯಲ್ಲೂ ಇದೆಯೋ ಏನೋ ಎಂದು ಕೇಳಬೇಕೆನಿಸಿತು. ಆ ಹೊತ್ತಿಗೆ ನಾಜಿಯ ಕಣ್ಣು ತುಂಬಿತ್ತು, ಅದಕ್ಕೇ ಬಿಟ್ಟೆ.

ಆದರೆ ಇಬ್ಬರೂ ನನಗೆ ಹೇಳಿದ ಒಂದು ವಿಷಯ ಒಂದೇ ಆಗಿತ್ತು. ಅವರ ತಾಯಿ ಮಾರಿಬ್ ಸೀಮೆಯ ಒಂದು ಹಳ್ಳಿಯಲ್ಲಿ ಮಗಳ ಜೊತೆ ಇದ್ದಾಳೆ. ಒಂದು ಕಣ್ಣು ಆಗಲೇ ಹೋಗಿದೆ. ಇನ್ನೊಂದಕ್ಕೆ ಬೇಗ ಆಪರೇಷನ್ ಆಗದಿದ್ದರೆ ಅದೂ ಹೋಗುತ್ತದೆ. ಹಳ್ಳಿ ಇರುವುದು ಹೂಥಿಗಳ ಕೈಯಲ್ಲಿ, ಕಣ್ಣಿನ ಆಸ್ಪತ್ರೆ ಸರ್ಕಾರದ ಕಡೆಯ ಪಟ್ಟಣದಲ್ಲಿ. ಹಳ್ಳಿಯಿಂದ ಅರ್ಧದಾರಿಯವರೆಗೆ ದಾಟಿಸಲು ಮುಕ್ಬಿಲ್‌ನ ಗುರುತಿನವರಿದ್ದಾರೆ. ಪಟ್ಟಣದಿಂದ ಈಚೆ ಅರ್ಧದಾರಿಯವರೆಗೆ ಬಂದು ಕರೆದೊಯ್ಯಲು ನಾಜಿಯ ಕಡೆಯವರಿದ್ದಾರೆ. ಇಬ್ಬರೂ ತಮ್ಮ ಅರ್ಧದ ಕೊನೆಯಲ್ಲಿ ಬಂದು ನಿಂತಿದ್ದರು. ಎರಡು ಅರ್ಧಗಳೂ ಗೊತ್ತಿದ್ದವಳು ಇಡೀ ಲಂಡನ್ನಿನಲ್ಲಿ ನಾನೊಬ್ಬಳೇ.

ಆ ವರ್ಷ ಏಪ್ರಿಲ್‌ನಿಂದ ಅಲ್ಲಿ ಕದನವಿರಾಮವಿತ್ತು. ಅಕ್ಟೋಬರ್ ಮೊದಲ ವಾರ ಅದರ ಅವಧಿ ಮುಗಿಯಿತು, ಮುಂದುವರಿಸಲು ಯಾರೂ ಒಪ್ಪಲಿಲ್ಲ. ಆ ಸಂಜೆ ಮೊದಲ ಸಲ ಎರಡೂ ಗೋಡೆಗಳ ಹಿಂದೆ ಟೀವಿ ಒಟ್ಟಿಗೆ ಬಂದ್ ಆಯಿತು. ನಾನು ಹಂಚಿನ ಮುಂದೆ ನಿಂತಿದ್ದೆ. ಮತ್ತೆ ಗುಂಡು ಶುರುವಾದರೆ ಅರ್ಧದಾರಿಯೂ ಉಳಿಯುವುದಿಲ್ಲ, ಆ ಮುದುಕಿಯ ಕಣ್ಣೂ ಉಳಿಯುವುದಿಲ್ಲ ಎಂದು ನನಗೆ ಸಂಕಟವಾಯಿತು. ನನ್ನವ್ವನೂ ಕೊನೆಗೆ ನಮ್ಮ ಮುಖವನ್ನು ಕೈಯಿಂದ ಮುಟ್ಟಿ ಗುರುತು ಹಿಡಿಯುತ್ತಿದ್ದಳು.

ಮೂರನೇ ದಿನಕ್ಕೆ ದಸರಾ ಬಂತು.

ನಮ್ಮ ಕಡೆಯವರಿಗೆ ದಸರಾ ಎಂದರೆ ಬನ್ನಿ. ಸಂಜೆ ಹೊಸ ಬಟ್ಟೆ ಉಟ್ಟು, ಬನ್ನಿಗಿಡದ ಎಲೆಯನ್ನು ಒಬ್ಬರ ಕೈಗೊಬ್ಬರು ಕೊಟ್ಟು ‘ಬನ್ನಿ ತಗೊಂಡು ಬಂಗಾರದಂಗ ಇರೂಣು’ ಅನ್ನಬೇಕು. ವರ್ಷವಿಡೀ ಮಾತು ಬಿಟ್ಟವರು ಆ ದಿನ ಎಲೆ ಕೊಟ್ಟರೆ ತೆಗೆದುಕೊಳ್ಳಲೇಬೇಕು, ತೆಗೆದುಕೊಂಡ ಮೇಲೆ ಜಗಳ ಅಲ್ಲಿಗೆ ಮುಗಿಯಿತು. ಪಾಂಡವರು ತಮ್ಮ ಆಯುಧ ಬಿಚ್ಚಿಟ್ಟದ್ದು ಇದೇ ಗಿಡದಲ್ಲಿ ಎಂದು ನನ್ನವ್ವ ಹೇಳುತ್ತಿದ್ದಳು. ಇನ್ನೊಂದು ರೂಢಿಯೂ ಇದೆ. ಜಗಳವಾಡಿದವನು ದುಡಿಯಲು ಪರಊರಿಗೆ ಹೋಗಿದ್ದರೆ ಅವನ ಮನೆಯ ಹಿರಿಯ ಹೆಂಗಸು ಅವನ ಹೆಸರಲ್ಲಿ ಬನ್ನಿ ಕೊಡುತ್ತಾಳೆ. ಅವನಿಗೆ ಸುದ್ದಿಯೇ ಇರದಿದ್ದರೂ ಅದು ಲೆಕ್ಕಕ್ಕೆ ಬರುತ್ತದೆ. ಸಾಲೆಗೆ ಹೋಗದವರು ಕಟ್ಟಿದ ಈ ಕಾನೂನು ಎಷ್ಟು ಮನೆಗಳನ್ನು ಉಳಿಸಿದೆ ಎಂಬುದನ್ನು ನಾನೇ ನೋಡಿದ್ದೇನೆ.

ಊರಿಂದ ಬಂದ ನೆಂಟರ ಹುಡುಗ ಸಂಗಮೇಶನ ಕೈಯಲ್ಲಿ ನಾದಿನಿ ಚಟ್ನಿಪುಡಿಯ ಜೊತೆ ಬನ್ನಿಯ ಒಂದು ಟೊಂಗೆ ಕಳಿಸಿದ್ದಳು. ಒಣಗಿತ್ತು, ಆದರೂ ಸಣ್ಣ ಎಲೆ, ಮುಳ್ಳು ಎಲ್ಲ ಹಾಗೇ ಇದ್ದವು. ಇಳಕಲ್ ಸೀರೆ ಉಟ್ಟು ನಾನು ಹೊರಟೆ.

“ಎಲ್ಲಿಗಿ?” ಎಂದ ಶೇಖರಪ್ಪ.

“ಬನ್ನಿ ಕೊಡಾಕ.”

“ಅವ್ರಿಗ್ಯಾಕ? ಅವ್ರು ನಮ್ಮ ಹಬ್ಬದವ್ರಲ್ಲ.”

“ಜಗಳ ಮಾತ್ರ ನಮ್ಮ ಜಗಳದಂಗs ಅದ,” ಎಂದು ಚಪ್ಪಲಿ ಮೆಟ್ಟಿದೆ.

ಮುಕ್ಬಿಲ್ ಬಾಗಿಲು ತೆರೆದ. ನಾನು ಟೊಂಗೆಯಿಂದ ಒಂದು ಎಸಳು ಮುರಿದು ಅವನ ಕೈಯಲ್ಲಿಟ್ಟು, “ನಿನ್ನ ತಮ್ಮನ ಹೆಸರ್ಲೆ,” ಎಂದೆ. ಅವನು ಎಲೆ ನೋಡಿದ. ಬೆರಳಲ್ಲಿ ತಿಕ್ಕಿ ಮೂಸಿದ. ಅವನ ಮುಖ ಬದಲಾದುದು ಕಂಡು ನಾನು ಒಂದು ಹೆಜ್ಜೆ ಹಿಂದೆ ಸರಿದೆ. “ಗಾಫ್,” ಎಂದ ಅವನು ಮೆಲ್ಲಗೆ. ಎಲೆ ಹಿಡಿದುಕೊಂಡೇ ಒಳಗೆ ಹೋದ. ನಾಜಿಯ ಮನೆಗೆ ಹೋಗಿ, “ನಿನ್ನ ಅಣ್ಣನ ಹೆಸರ್ಲೆ,” ಎಂದು ಅವನ ಕೈಯಲ್ಲೂ ಇಟ್ಟೆ. ಅವನು ಎಲೆಯನ್ನು ಕಣ್ಣಿಗೊತ್ತಿಕೊಂಡ. ನನಗೆ ಬಹಳ ಸಮಾಧಾನವಾಯಿತು. ಅರಬ್ಬರೂ ಬನ್ನಿಯ ರೂಢಿ ಎಷ್ಟು ಬೇಗ ಕಲಿತರು ಎಂದು ಹಿಗ್ಗುತ್ತ ಮನೆಗೆ ಬಂದೆ.

ಚಹಾಕ್ಕೆ ನೀರಿಡುವಷ್ಟರಲ್ಲಿ ಬಾಗಿಲು ಬಡಿಯಿತು. ತೆರೆದರೆ ಇಬ್ಬರೂ ನನ್ನ ಹೊಸ್ತಿಲ ಮುಂದೆ ನಿಂತಿದ್ದಾರೆ. ಒಬ್ಬನ ಮನೆಗೆ ಇನ್ನೊಬ್ಬ ಹೊರಟು ನಡುವೆ ನಮ್ಮ ಗೇಟಿನ ಹತ್ತಿರ ಎದುರಾಗಿದ್ದರು.

“ಊರಿಂದ ಗಾಫ್ ತರಿಸಿ ನೀನs ಕಳಿಸಿದಿ ಅಂದ್ಕೊಂಡು ಬಂದೆ,” ಎಂದ ನಾಜಿ ಅಣ್ಣನಿಗೆ.

“ನಾ ಏನೂ ಕಳಿಸಿಲ್ಲ. ನೀ ಕಳಿಸಿದಿ ಅಂತ ನಾ ಬಂದೇನಿ,” ಎಂದ ಮುಕ್ಬಿಲ್.

ಆಗ ಇಬ್ಬರೂ ನನ್ನ ಕಡೆ ತಿರುಗಿದರು. ನನ್ನ ತಪ್ಪು ಏನೆಂದು ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ. ನಮ್ಮ ಬನ್ನಿಗಿಡ ಅವರ ಮರುಭೂಮಿಯಲ್ಲೂ ಬೆಳೆಯುತ್ತದೆ, ಅಲ್ಲಿ ಅದಕ್ಕೆ ಗಾಫ್ ಅನ್ನುತ್ತಾರೆ. ನಾನು ಕೊಟ್ಟದ್ದು ವಿಜಯಪುರದ ಎಲೆ, ಅವರ ಕೈಗೆ ಬಿದ್ದದ್ದು ಅವರ ಹಳ್ಳಿಯ ಎಲೆ. ‘ಹೆಸರ್ಲೆ’ ಅಂದರೆ ಸಾಕು, ಜಗತ್ತಿನವರೆಲ್ಲ ತಿಳಿದುಕೊಳ್ಳುತ್ತಾರೆ ಎಂದು ನಮ್ಮ ಕಡೆಯ ಹೆಂಗಸರು ಮಾತ್ರ ನಂಬುತ್ತಾರೆ.

“ನಮ್ಮನ್ನ ಆಟಾ ಆಡ್ಸಾಕತ್ತೀಯೇನ?” ಮುಕ್ಬಿಲ್ ಎಲೆಯನ್ನು ನನ್ನ ಮುಖದ ಮುಂದೆ ಹಿಡಿದ. ಹಿಂದಿನಿಂದ ಶೇಖರಪ್ಪ, “ನಾ ಹೇಳಿದ್ದೆ,” ಎಂದ. ಗಂಡಂದಿರು ಇದನ್ನು ಹೇಳಲೆಂದೇ ಹುಟ್ಟಿರುತ್ತಾರೆ.

ಹೆದರಿಕೆಯಾದಾಗ ನಾನು ಮಾಡುವುದು ಒಂದೇ ಕೆಲಸ. ಕೇಳಿದೆ. “ಬೈಯೂದು ಆಮ್ಯಾಲೆ ಬೈರಿ. ಮೊದಲ ಒಂದು ಹೇಳ್ರಿ. ಮುಕ್ಬಿಲ್ ಹೇಳೂ ದಾರಿ ಬಾವಿ ಮುಂದ ಮುಗೀತದ. ನಾಜಿ ಹೇಳೂ ದಾರಿ ಮುರುಕು ಪೆಟ್ರೋಲ್ ಬಂಕಿಗೆ ಮುಗೀತದ. ಬಾವಿಗೂ ಬಂಕಿಗೂ ನಡು ಏನದ?”

ತನ್ನಂತೆಯೇ ಇನ್ನೊಬ್ಬನೂ ತನ್ನ ಅರ್ಧದಾರಿಯನ್ನು ನನಗೆ ಹೇಳಿದ್ದಾನೆ ಎಂಬುದು ಇಬ್ಬರಿಗೂ ಆಗಲೇ ಗೊತ್ತಾದದ್ದು. ನಾನು ಅವಕಾಶ ಕೊಡದೆ ಒಳಗೆ ಕರೆದು ಕೂರಿಸಿದೆ. ಮೇಜಿನ ಒಂದು ತುದಿಗೆ ರೊಟ್ಟಿಯ ಬುಟ್ಟಿ ಇಟ್ಟೆ, ಅದು ಹಳ್ಳಿ. ಇನ್ನೊಂದು ತುದಿಗೆ ಮೊಸರಿನ ಪಾತ್ರೆ, ಅದು ಆಸ್ಪತ್ರೆ. ಹೂಥಿಗಳ ಚೆಕ್‌ಪೋಸ್ಟಿಗೆ ಚಟ್ನಿಪುಡಿ, ಸರ್ಕಾರದವರದಕ್ಕೆ ಉಪ್ಪಿನಕಾಯಿ. ಬಾವಿಗೆ ಒಂದು ಲೋಟ, ಬಂಕಿಗೆ ಒಂದು ಚಮಚ. ಬೇಕೆಂದೇ ಬಾವಿಯ ಲೋಟವನ್ನು ಉಪ್ಪಿನಕಾಯಿಯ ಕಡೆ ಇಟ್ಟೆ.

“ಅಲ್ಲಲ್ಲ,” ಎಂದು ನಾಜಿ ತಡೆದ. “ಆ ಬಾವಿ ಹೂಥಿಗಳ ಕೈಯಾಗ ಅದ.”

“ಹೋದ ಚಳಿಗಾಲ ಬಿಟ್ಟು ಹಿಂದ ಸರದಾರ,” ಎಂದ ಮುಕ್ಬಿಲ್, ನನಗೆ ಹೇಳುವಂತೆ.

“ಯಾರ ಹೇಳಿದ್ರು?” ನಾಜಿಯೂ ನನ್ನನ್ನೇ ನೋಡಿಕೊಂಡು ಕೇಳಿದ.

“ನಮ್ಮ ಚಿಗವ್ವನ ಮಗ.”

“ಅಂವ ಬದುಕ್ಯಾನ?” ಈ ಪ್ರಶ್ನೆಯನ್ನು ನಾಜಿ ಅಣ್ಣನನ್ನು ನೋಡಿ ಕೇಳಿದ.

ಆಮೇಲೆ ನನ್ನ ಅಗತ್ಯವಿರಲಿಲ್ಲ. ಇಂಗ್ಲಿಷು ಬಿಟ್ಟು ಅರಬ್ಬಿಗೆ ಇಳಿದರು. ಲೋಟ ಸರಿಯಿತು, ಚಮಚ ಸರಿಯಿತು. ಒಬ್ಬ ಇಟ್ಟದ್ದನ್ನು ಇನ್ನೊಬ್ಬ ಎತ್ತಿ ಬೇರೆ ಕಡೆ ಇಟ್ಟ. ಸ್ಮೃತಿ ಮೆಟ್ಟಿಲ ಮೇಲೆ ಬಂದು ಕೂತಳು. ಕೊನೆಗೆ ಬಾವಿಗೂ ಬಂಕಿಗೂ ನಡುವೆ ಒಂದು ಗೇಣು ಜಾಗ ಬರಿದಾಗಿ ಉಳಿಯಿತು. ಅದು ಮೊದಲು ಕಪ್ಪು ಬಾವುಟದವರ ಜಾಗವಾಗಿತ್ತಂತೆ. ಡ್ರೋನ್ ಬಂದ ಮೇಲೆ ಅವರು ಚದುರಿದರು. ಈಗ ಅಲ್ಲಿ ಯಾರಿದ್ದಾರೆ, ನೆಲದಲ್ಲಿ ಎಲ್ಲೆಲ್ಲಿ ಬಾಂಬು ಹೂತಿದೆ, ಇಬ್ಬರಿಗೂ ಗೊತ್ತಿಲ್ಲ. ಇಬ್ಬರೂ ಆ ಬರಿಜಾಗದ ಅಂಚಿನಿಂದ ಕೈ ಹಿಂದೆ ತೆಗೆದರು.

“ನಿಮ್ಮವ್ವನ್ನ ಕೇಳೀರೇನು?” ಎಂದೆ.

ಮುಕ್ಬಿಲ್ ತಲೆ ಎತ್ತಿದ. “ಆಕಿಗೇನ್ ಗೊತ್ತಿರ್ತದ? ಕಣ್ಣು ಕಾಣದ ಮುದುಕಿ.”

“ಅಲ್ಲೇ ಇರಾಕಿ ಆಕಿ. ನೀವು ಹೇಸ್‌ನಾಗಿದ್ದೀರಿ,” ಎಂದೆ. ಸ್ವಲ್ಪ ಸಿಟ್ಟೇ ಬಂದಿತ್ತು. ಅರ್ಧದಾರಿಯ ಪ್ರತಿಯೊಬ್ಬ ಬಂದೂಕಿನವನ ಹೆಸರು ಗೊತ್ತಿರುವವರಿಗೆ ತಾಯಿಯನ್ನು ಒಂದು ಮಾತು ಕೇಳಬೇಕೆಂದು ಹೊಳೆದಿರಲಿಲ್ಲ.

ಮುಕ್ಬಿಲ್ ಫೋನನ್ನು ನೀರಿನ ತಂಬಿಗೆಗೆ ಒರಗಿಸಿಟ್ಟು ಕರೆ ಮಾಡಿದ. ಪರದೆಯ ಮೇಲೆ ಅವನ ತಂಗಿ ಬಂದಳು. ಇಬ್ಬರನ್ನೂ ಒಟ್ಟಿಗೆ ಕಂಡು ಕೈಯಿಂದ ಬಾಯಿ ಮುಚ್ಚಿಕೊಂಡು, ಓಡಿಹೋಗಿ ತಾಯಿಯ ಮುಂದೆ ಫೋನು ಹಿಡಿದಳು. ಸಣ್ಣ ಮುಖದ ಮುದುಕಿ, ಗದ್ದದ ಮೇಲೆ ಹಚ್ಚೆ. ಅವಳು ಬಹಳ ಹೊತ್ತು ನೋಡಿದಳು. ನಾಜಿ ನನಗೆ ತುಂಡು ತುಂಡಾಗಿ ಅನುವಾದಿಸಿದ.

“ಎರಡು ಬೆಳ್ಳನ್ನ ಮೋಡ ಕಾಣಾಕತ್ತಾವ ಅಂತಾಳ. ಯಾವ ಮೋಡ ಯಾರು ಅಂತ ಕೇಳ್ತಾಳ.”

ಮುಕ್ಬಿಲ್ ದಾರಿಯ ಮಾತು ತೆಗೆದ. ನಡುವಿನ ಜಾಗದ ಬಗ್ಗೆ ಕೇಳಿದ. ಮುದುಕಿ ನಕ್ಕಳು. ಅಲ್ಲಿ ಗಾಫ್ ಮರಗಳ ತೋಪಿದೆಯಂತೆ. ವಾರಕ್ಕೊಮ್ಮೆ ಎರಡೂ ಕಡೆಯ ಹೆಂಗಸರು ಆಡುಗಳಿಗೆ ಸೊಪ್ಪು ತರಲು ಹೋಗುತ್ತಾರಂತೆ. ಆಡು ನಡೆದ ಜಾಡಿನಲ್ಲೇ ನಡೆಯುತ್ತಾರೆ, ಸೊಪ್ಪಿನ ಹೊರೆ ಹೊತ್ತ ಹೆಂಗಸರನ್ನು ಯಾವ ಕಡೆಯವನೂ ತಡೆಯುವುದಿಲ್ಲ. ಅವಳೂ ಮಗಳ ಹೆಗಲು ಹಿಡಿದು ಹೋಗಿ ಬರುತ್ತಾಳೆ.

“ಹಂಗಾದ್ರ ದಾರಿ ಗೊತ್ತಿತ್ತೇನು?” ಎಂದು ನಾನೇ ನಡುವೆ ಬಾಯಿ ಹಾಕಿದೆ. “ಯಾಕ ಹೇಳ್ಲಿಲ್ಲ?”

ನಾಜಿ ಕೇಳಿದ. ಅವಳು ಹೇಳಿದ್ದನ್ನು ಕೇಳಿ ಅವನಿಗೆ ಅನುವಾದಿಸಲು ಆಗಲಿಲ್ಲ. ಮುಕ್ಬಿಲ್ ಹೇಳಿದ, ನನ್ನ ಕಡೆ ನೋಡದೆ, ಮೊಸರಿನ ಪಾತ್ರೆ ನೋಡುತ್ತ.

“ದಾಟಿ ಹೋದ್ರ ಹಿರ್ಯಾಂವ ಅಂತಾನ, ಅವ್ವ ಅವ್ರ ಕಡೆ ಆದಳು. ಇಲ್ಲೇ ಉಳದ್ರ ಸಣ್ಣಾಂವ ಅಂತಾನ, ಅವ್ವ ಇವ್ರ ಕಡೆನೇ ಉಳದಳು. ಕಣ್ಣು ಹೋದ್ರ ಹೋಗ್ಲಿ, ಮಗಾ ಹೋಗೂದು ಬ್ಯಾಡ ಅಂತ ಸುಮ್ಮನಿದ್ದೆ ಅಂತಾಳ.”

ಶೇಖರಪ್ಪ ಎದ್ದು ಕಿಟಕಿಯ ಕಡೆ ಹೋದ. ನಾನು ಅತ್ತುಬಿಟ್ಟೆ, ಮುಚ್ಚಿಡುವುದೇನು. ಅಡುಗೆಮನೆಯಲ್ಲಿ ಚಹಾ ಕುದ್ದು ಉಕ್ಕಿ ಒಲೆ ಆರಿಹೋಗಿತ್ತು.

ಅವಳನ್ನು ದಾಟಿಸಿದ್ದು ಆ ತಿಂಗಳ ಕೊನೆಯಲ್ಲಿ. ಮುಕ್ಬಿಲ್‌ನ ಕಡೆಯವನು ಬಾವಿಯವರೆಗೆ ಗಾಡಿಯಲ್ಲಿ ಬಿಟ್ಟ. ಅಲ್ಲಿಂದ ಅವಳು ತಲೆಯ ಮೇಲೆ ಒಂದು ಹೊರೆ ಸೊಪ್ಪು ಹೊತ್ತು, ಹೆಂಗಸರ ನಡುವೆ, ಆಡಿನ ಜಾಡಿನಲ್ಲಿ ನಡೆದಳು. ಬಂಕಿನ ಹತ್ತಿರ ನಾಜಿಯ ಕಡೆಯವನು ಕಾದಿದ್ದ. ಅಷ್ಟು ಹೊತ್ತೂ ಇಬ್ಬರು ಮಕ್ಕಳು ನಮ್ಮ ಮೇಜಿನ ಮುಂದೆ, ಎರಡು ಫೋನು ನಡುವೆ ಇಟ್ಟುಕೊಂಡು ಕೂತಿದ್ದರು. ಹೊರೆ ಯಾಕೆ, ಬರಿಗೈಯಲ್ಲಿ ಹೋಗಬಾರದಿತ್ತೇ ಎಂದು ನಾನು ಕೇಳಿದೆ. ಆಡಿನ ಸೊಪ್ಪಿಲ್ಲದೆ ನಡೆದರೆ ಅನುಮಾನ ಪಡುತ್ತಾರೆ ಎಂದ ಮುಕ್ಬಿಲ್. ಅದಲ್ಲ, ಆ ಕಡೆಯ ಬೀಗರ ಮನೆಗೆ ಬರಿಗೈಯಲ್ಲಿ ಹೋಗಬಾರದೆಂದು ಒಯ್ದಿರುತ್ತಾಳೆ ಎಂದ ನಾಜಿ. ಇದಕ್ಕೂ ಸ್ವಲ್ಪ ಜಗಳವಾಯಿತು. ಜಗಳ ನನಗೆ ಹಿತವಾಗಿ ಕೇಳಿಸಿತು.

ಆಪರೇಷನ್ ಆಗಿ ಪಟ್ಟಿ ಬಿಚ್ಚಿದ ಮೇಲಿನ ಭಾನುವಾರ ಇಬ್ಬರೂ ನಮ್ಮ ಮನೆಗೇ ಬಂದರು. ಅಣ್ಣನ ಮನೆಯಿಂದ ಕರೆ ಮಾಡಬೇಕೋ ತಮ್ಮನ ಮನೆಯಿಂದಲೋ ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ. ಮತ್ತೆ ಫೋನು ತಂಬಿಗೆಗೆ ಒರಗಿತು. ಮುದುಕಿ ಮೊದಲು ನನ್ನ ಮುಖ ತೋರಿಸಲು ಹೇಳಿದಳಂತೆ. ಆ ಕೇಳುವವಳು ಯಾರು, ಹಣೆಯ ಮೇಲೆ ಬೂದಿ ಯಾಕೆ, ಮಕ್ಕಳೆಷ್ಟು, ಗಂಡ ಬೈಯುತ್ತಾನೆಯೇ ಎಂದೆಲ್ಲ ಕೇಳಿದಳು. ನನಗಿಂತ ಒಂದು ಕೈ ಮೇಲು. ನಾನೂ ಬಿಡದೆ ಅವಳ ಹೆಸರು ಕೇಳಿದೆ. ಮಕ್ಕಳು ಹಿಂಜರಿದರು, ತಾಯಿಯ ಹೆಸರನ್ನು ಹೊರಗಿನವರಿಗೆ ಹೇಳುವ ಪದ್ಧತಿ ಅವರಲ್ಲಿಲ್ಲ. ಅವಳೇ ಹೇಳಿದಳು: ಮಿಸ್ಕ್. ಅಂದರೆ ಕಸ್ತೂರಿ.

ಆಮೇಲೆ ಮಕ್ಕಳ ಕಡೆ ತಿರುಗಿದಳು. ಒಬ್ಬನನ್ನು ನೋಡಿದಳು, ಇನ್ನೊಬ್ಬನನ್ನು ನೋಡಿದಳು. ನಗು ಮಾಯವಾಯಿತು. ಮೆಲ್ಲಗೆ ಏನೋ ಕೇಳಿದಳು.

ನಾನು ನಾಜಿಯ ತೋಳು ಮುಟ್ಟಿ, “ಏನಂದ್ಳು?” ಎಂದೆ.

“ನೀವಿಬ್ರೂ ಯಾವಾಗ ಮುದುಕರಾದ್ರಿ ಅಂದ್ಳು.”

ಮುಕ್ಬಿಲ್ ತಮ್ಮನ ಕಡೆ ತಿರುಗಿದ, ನಾಜಿ ಅಣ್ಣನ ಕಡೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು.